ಅಳೆಯದೆ ಬರೆದ ಅಂಕಿ

ಮೊದಲ ಗುಂಡು 'ಢಂ' ಅಂದಿತು. ಎರಡನೆಯದೂ ಹಾಗೆಯೇ. ಮೂರನೆಯದು ಮಾತ್ರ ನೀರು ಹತ್ತಿದ ಪಟಾಕಿಯ ಹಾಗೆ 'ಪಟ್' ಅಂದು ಸುಮ್ಮನಾಯಿತು.

ಹತ್ತು ಸೆಕೆಂಡಿನಲ್ಲಿ ಐದು ಗುಂಡು ಹೊಡೆಯುವ ಅಭ್ಯಾಸ ನಡೆದಿತ್ತು. ಎರಡು ಸೆಕೆಂಡಿಗೆ ಒಂದು. ಅಷ್ಟು ವೇಗದಲ್ಲಿ ಕೈ ತಾನಾಗಿಯೇ ಮುಂದಿನ ಗುಂಡಿಗೆ ಹೋಗುತ್ತದೆ. ಅಜ್ಜನ ಹೆಬ್ಬೆರಳೂ ರಿವಾಲ್ವರಿನ ಹ್ಯಾಮರ್ ಮೇಲೆ ಹೋಗಿತ್ತು. ಆದರೆ ಅಲ್ಲೇ ನಿಂತಿತು. ನಳಿಗೆಯನ್ನು ಗುರಿಯ ಕಡೆಗೇ ಹಿಡಿದುಕೊಂಡು ಇನ್ನೊಂದು ಕೈಯನ್ನು ಮೇಲೆತ್ತಿದರು. ಒಂದು ನಿಮಿಷ ಅಲುಗಾಡದೆ ಕಾದರು. ಆಮೇಲೆ ಸಿಲಿಂಡರ್ ತೆರೆದು, ಉಳಿದ ಗುಂಡುಗಳನ್ನು ಹೊರಗೆ ತೆಗೆದು, ಹಿತ್ತಾಳೆಯ ಸಣ್ಣ ಸರಳೊಂದನ್ನು ನಳಿಗೆಯೊಳಗೆ ಇಳಿಸಿದರು. ಸರಳು ಅರ್ಧಕ್ಕೇ ನಿಂತಿತು. ಒಳಗೆ ಸೀಸದ ಗುಂಡು ಸಿಕ್ಕಿಕೊಂಡಿತ್ತು. ಅದರ ಹಿಂದೆಯೇ ಇನ್ನೊಂದು ಗುಂಡು ಹೊಡೆದಿದ್ದರೆ ಅವರ ಕೈಯಲ್ಲೇ ನಳಿಗೆ ಬಿರಿಯುತ್ತಿತ್ತು.

ಆ ಗುಂಡಿಗೆ ಮದ್ದು ತುಂಬಬೇಕಿದ್ದವಳು ನಾನು. 'ತುಂಬಿದೆ, ತೂಕ ಸರಿ ಇದೆ' ಎಂದು ಪುಸ್ತಕದಲ್ಲಿ ಬರೆದವಳೂ ನಾನೇ.

ನಾನು ಶಿವಮೊಗ್ಗ ಜಿಲ್ಲೆಯವಳು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ವರ್ಷವೇ, ಸೋದರತ್ತೆ ಎಷ್ಟೋ ವರ್ಷದ ಹಿಂದೆ ಹಾಕಿದ್ದ ಅರ್ಜಿ ಮಂಜೂರಾಗಿ ಅಪ್ಪ ಅಮ್ಮನ ಜೊತೆ ಅಮೆರಿಕದ ಒಹಾಯೊಗೆ ಬಂದೆ. ಗೋದಾಮೊಂದರಲ್ಲಿ ಅರೆಕಾಲಿಕ ಕೆಲಸ, ಉಳಿದ ಹೊತ್ತು ತಪಾಸಣೆ ವಿಭಾಗದ ಕೆಲಸಗಳಿಗೆ ಅರ್ಜಿ ಹಾಕುವುದು. ಪಕ್ಕದ ಮನೆಯಲ್ಲಿ ನಲವತ್ತು ವರ್ಷ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಹೆಸರು ಹಿಡಿದು ಕರೆ ಅಂದರು, ನನ್ನ ಬಾಯಿಗೆ ಬರಲಿಲ್ಲ. 'ಅಜ್ಜ' ಅಂದರೇನು ಎಂದು ಹೇಳಿಕೊಟ್ಟೆ, ಒಪ್ಪಿಕೊಂಡರು. ಅವರು ರಿವಾಲ್ವರ್ ಸ್ಪರ್ಧೆಗಳಿಗೆ ಹೋಗುವವರು. ನಮ್ಮಿಂದ ಹೆಚ್ಚು ದೂರವಿಲ್ಲದ ಈರಿ ಸರೋವರದ ದಂಡೆಯಲ್ಲಿ ಕ್ಯಾಂಪ್ ಪೆರ್ರಿ ಎಂಬ ಜಾಗವಿದೆ. 1907ರಲ್ಲಿ ಅಮೆರಿಕದ ರಾಷ್ಟ್ರೀಯ ಶೂಟಿಂಗ್ ಪಂದ್ಯಗಳು ಅಲ್ಲಿ ಮೊದಲ ಸಲ ನಡೆದವು. ಅಲ್ಲಿನ ಗುರಿಹಲಗೆಗಳ ಮುಂದೆ ನಿಂತು ಬರುವುದು ಅಜ್ಜನಿಗೆ ವರ್ಷದ ಜಾತ್ರೆ. ಆ ಸ್ಪರ್ಧೆಗೆ ಬೇಕಾದ ಗುಂಡುಗಳನ್ನು ಅವರು ಅಂಗಡಿಯಿಂದ ತರುವುದಿಲ್ಲ, ತಮ್ಮ ಗ್ಯಾರೇಜಿನಲ್ಲಿ ಕೂತು ತಾವೇ ತುಂಬುತ್ತಾರೆ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಸ್ವಂತ ಬಳಕೆಗೆ ಗುಂಡು ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಡ, ಮಾರಲು ಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಗುಂಡು ತಯಾರಿಸುವುದು ಅಪರಾಧ. ಓದಲು ಇಲ್ಲಿಗೆ ಬರಬೇಕೆಂದಿರುವವರಿಗೆ ಇನ್ನೊಂದು ಮಾತು: ವಿದ್ಯಾರ್ಥಿ ವೀಸಾದಲ್ಲಿ ಬಂದವರು ಸಾಮಾನ್ಯವಾಗಿ ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಇದನ್ನು ಯಾರೂ ಕಲಿಯಲಿ ಎಂದು ಬರೆಯುತ್ತಿಲ್ಲ. ಆ ಮೇಜಿನ ಮುಂದೆ ನನಗೆ ಗೊತ್ತಾದ ಒಂದು ವಿಷಯ ನಮ್ಮ ಕಾಲೇಜುಗಳಿಗೆ ನೇರವಾಗಿ ಸಂಬಂಧಿಸಿದ್ದು. ಅದಕ್ಕೆ ಬರೆಯುತ್ತಿದ್ದೇನೆ.

ಮಲೆನಾಡಿನವರಿಗೆ ಕೇಪಿನ ಕೋವಿ ಗೊತ್ತು. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಜಡಿದು, ಚರೆ ಹಾಕಿ, ಹಿಂದೆ ಕೇಪು ಇಡುತ್ತಾರೆ. ರಿವಾಲ್ವರಿನ ತೋಟೆಯಲ್ಲಿ ಇವೆಲ್ಲ ಒಂದೇ ಸಣ್ಣ ಹಿತ್ತಾಳೆ ಕೊಳವೆಯಲ್ಲಿ ಸೇರಿರುತ್ತವೆ. ತಳದಲ್ಲಿ ಪ್ರೈಮರ್ ಎಂಬ ಕೇಪು, ಅದರ ಮೇಲೆ ಮದ್ದು, ಬಾಯಿಗೆ ಸೀಸದ ಗುಂಡು. ಹೊಡೆದ ಮೇಲೆ ಕೇಪು, ಮದ್ದು, ಗುಂಡು ಮೂರೂ ಹೋಗುತ್ತವೆ. ದುಬಾರಿಯಾದ ಹಿತ್ತಾಳೆ ಕೊಳವೆ ಉಳಿಯುತ್ತದೆ. ಅದನ್ನು ತೊಳೆದು, ಮೊದಲಿನ ಅಳತೆಗೆ ಒತ್ತಿ, ಮತ್ತೆ ಮತ್ತೆ ಬಳಸಬಹುದು. ಪಿಸ್ತೂಲು ಖಾಲಿ ಕೊಳವೆಯನ್ನು ಎಲ್ಲೆಲ್ಲೋ ಎಸೆಯುತ್ತದೆ. ರಿವಾಲ್ವರ್ ತನ್ನ ಸಿಲಿಂಡರಿನಲ್ಲೇ ಇಟ್ಟುಕೊಂಡಿರುತ್ತದೆ, ಹುಡುಕುವ ಕೆಲಸವಿಲ್ಲ.

ಇಲ್ಲಿನ ಒಂದು ಪೂರ್ಣ ಪಂದ್ಯಕ್ಕೆ 270 ಗುಂಡು ಬೇಕು. ಅಭ್ಯಾಸಕ್ಕೆ ಅದರ ಎಷ್ಟೋ ಪಟ್ಟು. ಪಿಂಚಣಿಯಲ್ಲಿ ಬದುಕುವವರಿಗೆ ಅಷ್ಟನ್ನೂ ಅಂಗಡಿಯಿಂದ ಕೊಳ್ಳುವುದು ಕಷ್ಟ. ಆದರೆ ಉಳಿತಾಯಕ್ಕಿಂತ ದೊಡ್ಡ ಕಾರಣ ಸಮತೆ. 50 ಗಜ ದೂರದ ಕಾಗದದ ಮೇಲೆ ಗುಂಡುಗಳೆಲ್ಲ ಒಂದೇ ಕಡೆ ಬೀಳಬೇಕಾದರೆ ಪ್ರತಿಯೊಂದೂ ಹಿಂದಿನದರ ಹಾಗೆಯೇ ಇರಬೇಕು. ತಮ್ಮ ರಿವಾಲ್ವರಿಗೆ ಯಾವ ಗುಂಡು ಒಗ್ಗುತ್ತದೆ ಎಂದು ವರ್ಷಗಟ್ಟಲೆ ನೋಡಿ ಕಂಡುಕೊಂಡಿರುತ್ತಾರೆ. ತುದಿ ಚಪ್ಪಟೆಯಾದ ಗುಂಡು ಕಾಗದದಲ್ಲಿ ಗುಂಡಗೆ, ಕತ್ತರಿಸಿದ ಹಾಗೆ ತೂತು ಮಾಡುತ್ತದೆ, ಅಂಕ ಎಣಿಸುವಾಗ ಜಗಳವಿಲ್ಲ. ಕೇಪು ಕೂದಲೆಳೆಯಷ್ಟು ಹೊರಗೆ ಉಳಿದರೂ ಸಿಲಿಂಡರ್ ತಿರುಗದೆ ಬಿಗಿಯುತ್ತದೆ. ಕೊಳವೆಯ ಬಾಯಿ ಗುಂಡನ್ನು ಸರಿಯಾಗಿ ಕಚ್ಚಿ ಹಿಡಿಯದಿದ್ದರೆ, ಒಂದು ಹಾರುವಾಗಿನ ಒದೆತಕ್ಕೆ ಉಳಿದ ಗುಂಡುಗಳು ಮುಂದೆ ಜಾರಿ ಸಿಲಿಂಡರನ್ನು ತಡೆಯುತ್ತವೆ. ಹೀಗೆ ಪ್ರತಿ ಹಂತಕ್ಕೂ ಒಂದು ಕಾರಣವಿದೆ, ಪ್ರತಿ ಕಾರಣದ ಹಿಂದೆ ಯಾರೋ ಕೈ ಸುಟ್ಟುಕೊಂಡ ಕತೆಯಿದೆ.

ಇವೆಲ್ಲಕ್ಕಿಂತ ಅಪಾಯದ ಹಂತ ಮದ್ದು ತುಂಬುವುದು. ಅಜ್ಜ ಬಳಸುವ .38 ಸ್ಪೆಷಲ್ ತೋಟೆ 1898ರದ್ದು. ಆ ಕಾಲದ ಕರಿಮದ್ದು ಹೆಚ್ಚು ಜಾಗ ತಿನ್ನುತ್ತಿತ್ತು, ಕೊಳವೆಯೂ ಉದ್ದ. ಈಗಿನ ಮದ್ದಿಗೆ ತಳದ ಸ್ವಲ್ಪ ಜಾಗ ಸಾಕು. ಹಾಗಾಗಿ ತಪ್ಪಿ ಎರಡು ಸಲ ಸುರಿದರೂ ಅದು ಹೊರಚೆಲ್ಲುವುದಿಲ್ಲ, ಒಳಗೇ ಹಿಡಿಸುತ್ತದೆ. ಒಮ್ಮೆಯೂ ಸುರಿಯದಿದ್ದರೂ ಹೊರಗಿನಿಂದ ತಿಳಿಯುವುದಿಲ್ಲ. ಸಿದ್ಧವಾದ ತೋಟೆಯನ್ನು ತೂಗಿ ಹಿಡಿಯಬಹುದಲ್ಲ ಎಂದು ನಾನು ಕೇಳಿದ್ದೆ. ಅದೂ ನಂಬುವಂಥದ್ದಲ್ಲ. ಕೊಳವೆಗಳ ತೂಕದಲ್ಲಿ, ಗುಂಡುಗಳ ತೂಕದಲ್ಲಿ ಇರುವ ಹೆಚ್ಚುಕಡಿಮೆಯೇ ಮದ್ದಿನ ವ್ಯತ್ಯಾಸವನ್ನು ಮುಚ್ಚಿಹಾಕುತ್ತದೆ. ಗುಂಡು ಕೂತು ಬಾಯಿ ಮುಚ್ಚಿತೆಂದರೆ ಮುಗಿಯಿತು. ನೋಡಬೇಕಾದ್ದನ್ನು ಅದಕ್ಕೆ ಮುಂಚೆಯೇ ನೋಡಬೇಕು.

ಅದಕ್ಕೇ ಅಜ್ಜನ ಮೇಜಿಗೆ ಕೆಲವು ನಿಯಮಗಳಿದ್ದವು. ಫೋನು ಅಡುಗೆಮನೆಯಲ್ಲಿ. ಮೇಜಿನ ಮೇಲೆ ಒಂದೇ ಬಗೆಯ ಮದ್ದು. ಐವತ್ತು ಕುಳಿಗಳ ಮರದ ಹಲಗೆಯಲ್ಲಿ ಕೊಳವೆಗಳನ್ನು ನಿಲ್ಲಿಸಿ ಸಾಲಾಗಿ ಮದ್ದು ತುಂಬುವುದು. ಗುಂಡು ಕೂರಿಸುವ ಮೊದಲು ಟಾರ್ಚ್ ಹಿಡಿದು ಐವತ್ತರೊಳಗೂ ಇಣುಕಿ ಮಟ್ಟ ನೋಡುವುದು. ಹತ್ತಕ್ಕೊಂದರ ಮದ್ದನ್ನು ತಕ್ಕಡಿಗೆ ಸುರಿದು ತೂಗಿ ಪುಸ್ತಕದಲ್ಲಿ ಬರೆಯುವುದು. ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7000 ಗ್ರೇನ್, ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ತಕ್ಕಡಿ ಅದರ ಹತ್ತನೇ ಒಂದು ಭಾಗವನ್ನೂ ತೋರಿಸುತ್ತದೆ.

ನಾಲ್ಕು ತಿಂಗಳು ಅವರ ಪಕ್ಕದಲ್ಲೇ ಕೂತು ಇದನ್ನೆಲ್ಲ ಮಾಡಿದೆ. ಒಂದು ಸಂಜೆ ಅವರು ಹೆಂಡತಿಯನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕಿತ್ತು. ಮುನ್ನೂರು ಗುಂಡುಗಳ ಕೆಲಸ ಅರ್ಧಕ್ಕೆ ಬಂದಿತ್ತು. "ನಿನಗೆ ಗೊತ್ತಿದೆ, ಮುಗಿಸು" ಎಂದು ಹೋದರು.

ನಾಲ್ಕು ಹಲಗೆಗಳು ನಿಯಮದಂತೆಯೇ ಮುಗಿದವು. ಐದನೆಯದಕ್ಕೆ ಮದ್ದು ತುಂಬುತ್ತಿದ್ದಾಗ ಜೇಬಿನಲ್ಲಿದ್ದ ಫೋನು ಬಡಿಯಿತು. ಹೌದು, ಜೇಬಿನಲ್ಲಿತ್ತು. ಡಿಪ್ಲೊಮಾದಲ್ಲಿ ಜೊತೆಗಿದ್ದ ಗೆಳತಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತ್ತು. ಹತ್ತು ನಿಮಿಷ ಮಾತಾಡಿದೆ. ಸಂತೋಷವಾಯಿತು, ಹೊಟ್ಟೆಯೊಳಗೆ ಸ್ವಲ್ಪ ಉರಿಯೂ ಆಯಿತು. ತಿರುಗಿ ಬಂದಾಗ ಯಾವ ಕುಳಿಯವರೆಗೆ ತುಂಬಿದ್ದೆ ಎನ್ನುವುದು ಸರಿಯಾಗಿ ನೆನಪಿರಲಿಲ್ಲ. ಹಲಗೆಯನ್ನೆಲ್ಲ ಬರಿದು ಮಾಡಿ ಮೊದಲಿಂದ ಶುರು ಮಾಡಬೇಕಿತ್ತು. ಅಂದಾಜಿನಲ್ಲಿ ಮುಂದುವರಿದೆ. ಟಾರ್ಚ್ ಕೈಗೆತ್ತಿಕೊಳ್ಳಲಿಲ್ಲ. ಆರನೆಯದನ್ನೂ ಹಾಗೆಯೇ ಮುಗಿಸಿ, ಕೊನೆಗೆ ಪುಸ್ತಕ ತೆರೆದು ಬಾಕಿ ಇದ್ದ ಹತ್ತು ಸಾಲುಗಳಲ್ಲಿ ಒಂದೇ ಉಸಿರಿಗೆ ತೂಕ ಬರೆದೆ. ಒಂದನ್ನೂ ತೂಗಿರಲಿಲ್ಲ.

ಗುಂಡು ಸಿಕ್ಕಿಕೊಂಡ ದಿನ ರೇಂಜಿನಲ್ಲಿ ಅಜ್ಜ ಕೇಳಿದ್ದು ಒಂದೇ ಪ್ರಶ್ನೆ. "ಐದನೇ ಡಬ್ಬಿ. ತೂಗಿದ್ದೀಯಾ?"

"ತೂಗಿದ್ದೇನೆ" ಅಂದೆ. ಅವರ ಜೀವ ಹೋಗಬಹುದಿತ್ತು ಎಂದು ಗೊತ್ತಾದ ಮೇಲೂ ನನ್ನ ಬಾಯಿಂದ ಬಂದ ಮೊದಲ ಮಾತು ಸುಳ್ಳು. ಇದನ್ನು ಬರೆಯುವಾಗ ಈಗಲೂ ಕೈ ಬಿಗಿಯುತ್ತದೆ.

ಮನೆಗೆ ಬಂದು ಅವರು ಪುಸ್ತಕ ತೆರೆದರು. ಬೆರಳಿಟ್ಟು ಒಂದೊಂದೇ ಸಾಲು ನೋಡುತ್ತ ಬಂದರು. ಮೊದಲ ಇಪ್ಪತ್ತು ಸಾಲುಗಳಲ್ಲಿ ಅಂಕಿ ಒಮ್ಮೆ ಹತ್ತನೇ ಒಂದು ಗ್ರೇನ್ ಮೇಲೆ, ಒಮ್ಮೆ ಕೆಳಗೆ ಆಡುತ್ತಿತ್ತು. ಕೊನೆಯ ಹತ್ತರಲ್ಲಿ ಒಂದೇ ಅಂಕಿ, ಹತ್ತು ಸಲ. ಬೆರಳು ಅಲ್ಲಿ ನಿಂತಿತು. "ಇಷ್ಟು ಚೆಂದದ ತೂಕ ನಾನು ನಲವತ್ತು ವರ್ಷದಲ್ಲಿ ನೋಡಿಲ್ಲ" ಅಂದರು. ದನಿ ಏರಿಸಲಿಲ್ಲ.

ಆಗ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಸಬಳನ್ನು ಒಬ್ಬಳೇ ಬಿಟ್ಟು ಹೋದದ್ದು, ಬಂದ ಮೇಲೆ ಈ ಪುಟ ನೋಡದೇ ಇದ್ದದ್ದು ನನ್ನ ತಪ್ಪು. ಈಗ ಎಲ್ಲ ಬಿಚ್ಚೋಣ" ಅಂದರು. ಹೊಡೆದದ್ದು ಎಂಟು, ಉಳಿದದ್ದು 292. ಐದು ಮತ್ತು ಆರನೇ ಡಬ್ಬಿ ಮಾತ್ರ ಬಿಚ್ಚಿದರೆ ಸಾಕಲ್ಲ, ಮೊದಲ ನಾಲ್ಕನ್ನು ನಿಜವಾಗಿಯೂ ತೂಗಿದ್ದೇನೆ ಎಂದೆ. ಅವರು ಹೇಳಿದ ಮಾತು ನನಗೆ ಯಾವ ಬೈಗುಳಕ್ಕಿಂತ ಜೋರಾಗಿ ತಾಗಿತು. "ಇರಬಹುದು. ಆದರೆ ಹತ್ತು ಸಾಲು ಸುಳ್ಳಾದ ಪುಸ್ತಕದಲ್ಲಿ ಉಳಿದ ಇಪ್ಪತ್ತು ನಿಜ ಎಂದು ನಾನು ಯಾವ ಆಧಾರದ ಮೇಲೆ ನಂಬಲಿ?"

ಗುಂಡು ಬಿಚ್ಚಲು ಪ್ಲಾಸ್ಟಿಕ್ಕಿನ ಸುತ್ತಿಗೆಯಂಥ ಉಪಕರಣವಿದೆ. ತೋಟೆಯನ್ನು ಅದರ ತಲೆಯೊಳಗೆ ಸಿಕ್ಕಿಸಿ ಕುಟ್ಟಿದರೆ ಸೀಸದ ಗುಂಡೂ ಮದ್ದೂ ಕಳಚಿ ಬೀಳುತ್ತವೆ. ಒಂದೊಂದಕ್ಕೂ ಮೂರು ನಾಲ್ಕು ಏಟು. ಮೊದಲ ಸಂಜೆ ಐದನೇ ಡಬ್ಬಿಯಲ್ಲಿ ಉಳಿದಿದ್ದ 42ನ್ನು ಬಿಚ್ಚಿ ಒಂದೊಂದರ ಮದ್ದನ್ನೂ ತೂಗಿದೆವು. ಮೂವತ್ತೊಂದನೆಯದೋ ಮೂವತ್ತೆರಡನೆಯದೋ ಇರಬೇಕು, ತಕ್ಕಡಿ ಇರಬೇಕಾದ ತೂಕದ ಎರಡರಷ್ಟು ತೋರಿಸಿತು. ಒಂದನ್ನು ಖಾಲಿ ಬಿಟ್ಟಿದ್ದೆ, ಇನ್ನೊಂದಕ್ಕೆ ಎರಡು ಸಲ ಸುರಿದಿದ್ದೆ. ಅದು ಸಿಡಿದಿದ್ದರೆ ಸಿಲಿಂಡರೇ ಸೀಳಬಹುದಿತ್ತು. ಅಜ್ಜ ಆ ಮದ್ದನ್ನು ಬೇರೆ ತಟ್ಟೆಗೆ ಹಾಕಿ ನನ್ನ ಮುಂದಿಟ್ಟು, ಮುಂದಿನ ತೋಟೆ ಕೈಗೆತ್ತಿಕೊಂಡರು. ಇನ್ನೂ ಮೂರು ಸಂಜೆ ಕುಟ್ಟಿದೆವು. ಉಳಿದ 250ರಲ್ಲಿ ಒಂದೂ ತಪ್ಪಿರಲಿಲ್ಲ.

ಆ ಸಂಜೆಗಳಲ್ಲಿ ಒಂದು ಪ್ರಶ್ನೆ ತಲೆಯಲ್ಲಿ ತಿರುಗುತ್ತಿತ್ತು. ಹತ್ತು ಸಾಲು ಸುಳ್ಳು ಬರೆಯುವಾಗ ನನ್ನ ಕೈ ಯಾಕೆ ಸ್ವಲ್ಪವೂ ತಡೆಯಲಿಲ್ಲ? ಉತ್ತರ ಹುಡುಕಲು ಹೆಚ್ಚು ದೂರ ಹೋಗಬೇಕಾಗಲಿಲ್ಲ. ಆ ಕೈಗೆ ಮೂರು ವರ್ಷ ತರಬೇತಿ ಆಗಿತ್ತು.

ನಾನು ಓದಿದ ಪಾಲಿಟೆಕ್ನಿಕ್ಕಿನಲ್ಲಿ ಕಬ್ಬಿಣದ ಸರಳನ್ನು ಎಳೆದು ತುಂಡರಿಸಿ ಬಲ ಅಳೆಯುವ ಯಂತ್ರ ಕೆಟ್ಟು ಕೂತಿತ್ತು. ನಾವು ಯಾರೂ ಒಂದು ಸರಳನ್ನೂ ಎಳೆಯಲಿಲ್ಲ. ಆದರೂ ಅದು ಎಷ್ಟು ಕಿಲೋನ್ಯೂಟನ್‌ಗೆ ತುಂಡಾಯಿತೆಂದು ತರಗತಿಯವರೆಲ್ಲ ರೆಕಾರ್ಡ್ ಬುಕ್ಕಿನಲ್ಲಿ ನೀಟಾಗಿ ಬರೆದೆವು. ಸೀನಿಯರ್‌ಗಳ ರೆಕಾರ್ಡಿನಿಂದ ಇಳಿಸಿದ ಅಂಕಿ. ಅವರು ಅವರ ಸೀನಿಯರ್‌ಗಳಿಂದ ಇಳಿಸಿದ್ದು. ಬಹುಶಃ ನಾನು ಹುಟ್ಟುವ ಮೊದಲೇ ತುಂಡಾದ ಸರಳಿನ ಅಂಕಿಗೆ ನನಗೆ ಹತ್ತಕ್ಕೆ ಒಂಬತ್ತು ಬಂತು. ಸರಳ ಲೋಲಕದ ಪ್ರಯೋಗದಲ್ಲಿ ಒಬ್ಬ ಹುಡುಗ ನಿಜವಾಗಿ ಸ್ಟಾಪ್‌ವಾಚ್ ಹಿಡಿದು ಅಳೆದ. ಅವನ ಉತ್ತರ 9.8ಕ್ಕೆ ಬರಲಿಲ್ಲ, 9.3 ಬಂತು. ರೆಕಾರ್ಡ್ ವಾಪಸ್ ಬಂತು, ಕೆಂಪು ಶಾಯಿಯಲ್ಲಿ 'ರಿಪೀಟ್' ಎಂದಿತ್ತು. ಅವನು ರಿಪೀಟ್ ಮಾಡಲಿಲ್ಲ, ಪಕ್ಕದವನ ಅಂಕಿ ನೋಡಿ ತಿದ್ದಿದ. ಅಂದು ಆ ಲ್ಯಾಬಿನಲ್ಲಿ ಅವನೊಬ್ಬನೇ ಅಳೆದಿದ್ದ, ಅವನಿಗೊಬ್ಬನಿಗೇ ಶಿಕ್ಷೆಯಾಗಿತ್ತು.

ಇದನ್ನು ಓದುತ್ತಿರುವ ಎಷ್ಟು ಜನ ನಗುತ್ತಿದ್ದೀರೋ ನನಗೆ ಗೊತ್ತು. ಟೈಟ್ರೇಶನ್‌ನಲ್ಲಿ ಮೂರು ರೀಡಿಂಗೂ ಒಂದೇ ಬರೆದವರು, ಉತ್ತರ ಮೊದಲು ಬರೆದು ರೀಡಿಂಗ್ ಆಮೇಲೆ ಲೆಕ್ಕ ಹಾಕಿದವರು, ದುಡ್ಡು ಕೊಟ್ಟು ಪ್ರಾಜೆಕ್ಟ್ ವರದಿ ತಂದವರು, ಹೋಗದ ಇಂಟರ್ನ್‌ಶಿಪ್ಪಿನ ಪ್ರಮಾಣಪತ್ರ ಇಟ್ಟುಕೊಂಡವರು ನಮ್ಮ ನಡುವೆಯೇ ಇದ್ದೇವೆ. ಕಾರಣಗಳೂ ಸುಳ್ಳಲ್ಲ. ಒಂದು ಉಪಕರಣಕ್ಕೆ ಹದಿನೈದು ಜನ, ಎರಡು ಗಂಟೆಯ ಲ್ಯಾಬ್, ಕೆಟ್ಟ ಯಂತ್ರಗಳು, ಸಿಲಬಸ್ ಮುಗಿಸುವ ಒತ್ತಡ. ಮೇಷ್ಟರುಗಳೂ ಇದೇ ದಾರಿಯಲ್ಲಿ ಬಂದವರು. ಆದರೆ ಕಾರಣ ಏನೇ ಇರಲಿ, ಕಲಿತದ್ದು ಮಾತ್ರ ಒಂದೇ: ಅಂಕಿ ಎಂದರೆ ಕಂಡದ್ದಲ್ಲ, ಎದುರಿಗಿರುವವರು ಕಾಣಬಯಸುವುದು.

ಕೆಲಸಕ್ಕೆ ಸೇರಿದ ದಿನ ಈ ಅಭ್ಯಾಸ ಗೇಟಿನ ಹೊರಗೆ ಉಳಿಯುವುದಿಲ್ಲ. ಕಾರಿನ ಏರ್‌ಬ್ಯಾಗನ್ನು ಕ್ಷಣಾರ್ಧದಲ್ಲಿ ಉಬ್ಬಿಸುವುದೂ ಒಂದು ಬಗೆಯ ಮದ್ದೇ. ಜಪಾನಿನ ತಕಾಟಾ ಕಂಪನಿ ಅದರ ಪರೀಕ್ಷೆಯ ಅಂಕಿಗಳನ್ನು ತಿದ್ದಿ ಕಾರು ಕಂಪನಿಗಳಿಗೆ ಕೊಟ್ಟಿತ್ತು. ಜೀವ ಉಳಿಸಬೇಕಿದ್ದ ಏರ್‌ಬ್ಯಾಗ್‌ಗಳ ಲೋಹದ ಡಬ್ಬಿ ಸಿಡಿದು ಚೂರುಗಳು ಜನರ ಮುಖ ಕುತ್ತಿಗೆಗೆ ಹೊಕ್ಕವು. 2017ರಲ್ಲಿ ಕಂಪನಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು, ತೆರಬೇಕಾದ ಮೊತ್ತ 100 ಕೋಟಿ ಡಾಲರ್. ನಮ್ಮಲ್ಲೂ ಉದಾಹರಣೆಗೆ ಬರವಿಲ್ಲ. ಔಷಧ ಕಂಪನಿ ರ‍್ಯಾನ್‌ಬಾಕ್ಸಿಯ ಅಮೆರಿಕದ ಅಂಗಸಂಸ್ಥೆ 2013ರಲ್ಲಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ಕೊಡಲು ಒಪ್ಪಿತು. ಆರೋಪಗಳಲ್ಲಿ ಔಷಧದ ಪರೀಕ್ಷೆಗಳ ಬಗ್ಗೆ ಸುಳ್ಳು ಹೇಳಿಕೆ ಕೊಟ್ಟದ್ದೂ ಇತ್ತು. ಇಂಥ ಕಡೆ ಪ್ರತಿ ಸುಳ್ಳು ಅಂಕಿಯನ್ನೂ ಯಾರೋ ಒಬ್ಬರು ಮೇಜಿನ ಮುಂದೆ ಕೂತೇ ಬರೆದಿರುತ್ತಾರೆ. ಅವರು ರಾಕ್ಷಸರಾಗಿರಬೇಕಿಲ್ಲ. ನನ್ನ ಹಾಗೆ, ಬೇಗ ಮುಗಿಸಿ ಮನೆಗೆ ಹೋಗಬೇಕಿದ್ದವರೂ ಇರಬಹುದು.

ಗುಂಡು ತುಂಬುವವರಿಗೆ ಒಂದು ಅನುಕೂಲವಿದೆ. ತುಂಬಿದ್ದನ್ನು ತಮ್ಮ ಕೈಯಲ್ಲೇ ಹಿಡಿದು, ತಮ್ಮ ಮುಖದ ಮುಂದೆಯೇ ಸಿಡಿಸಬೇಕು. ತಪ್ಪು ಬೇಗ ಮನೆಗೆ ಬರುತ್ತದೆ. ಮಾತ್ರೆ ಮಾಡುವವರಿಗೆ, ಬ್ರೇಕ್ ಪರೀಕ್ಷಿಸುವವರಿಗೆ, ಸೇತುವೆಯ ಕಾಂಕ್ರೀಟಿನ ಬಲ ಬರೆಯುವವರಿಗೆ ಆ ಅನುಕೂಲವಿಲ್ಲ. ಅವರ ಗುಂಡನ್ನು ಹೊಡೆಯುವವರು ಎಲ್ಲೋ ದೂರದ, ಹೆಸರೂ ಗೊತ್ತಿಲ್ಲದ ಜನ. ನಮ್ಮಲ್ಲಿ ಹೆಚ್ಚಿನವರು ಹೋಗುವುದು ಇಂಥ ಕೆಲಸಗಳಿಗೇ.

ಹಾಗಾಗಿ ಕಾಲೇಜುಗಳಿಗೆ ನನ್ನ ಬೇಡಿಕೆ ಒಂದೇ. ಸರಿಯಾದ ಉತ್ತರಕ್ಕೆ ಅಲ್ಲ, ನಿಜವಾದ ರೀಡಿಂಗಿಗೆ ಅಂಕ ಕೊಡಿ. 9.3 ಬಂದರೆ ಯಾಕೆ ಬಂತು ಎಂದು ಕೇಳಿ. ದಾರದ ಉದ್ದ ತಪ್ಪಿತೇ, ಎಣಿಕೆ ತಪ್ಪಿತೇ ಎಂದು ಹುಡುಕಿಸಿ. ವಿಜ್ಞಾನ ಶುರುವಾಗುವುದು ಆ 'ಯಾಕೆ'ಯಿಂದಲೇ. ಯಂತ್ರ ಕೆಟ್ಟಿದ್ದರೆ 'ಯಂತ್ರ ಕೆಟ್ಟಿದೆ, ಪ್ರಯೋಗ ಮಾಡಲಿಲ್ಲ' ಎಂದು ರೆಕಾರ್ಡಿನಲ್ಲಿ ಬರೆಯಲು ಬಿಡಿ. ತರಗತಿಯ ಎಲ್ಲ ರೆಕಾರ್ಡುಗಳಲ್ಲಿ ಆ ಒಂದು ವಾಕ್ಯ ಇದ್ದರೆ ಯಂತ್ರ ಬೇಗ ರಿಪೇರಿ ಆಗುತ್ತದೆ. ಅಷ್ಟೂ ರೆಕಾರ್ಡುಗಳಲ್ಲಿ ಸುಳ್ಳು ಅಂಕಿ ಇದ್ದರೆ ಅದು ಕೆಟ್ಟೇ ಇರುತ್ತದೆ.

ನಮ್ಮ ವಯಸ್ಸಿನವರಿಗೆ ಹೇಳುವುದೂ ಅಷ್ಟೇ. ಕಾಲೇಜು ಬದಲಾಗುವವರೆಗೆ ಕಾಯಬೇಕಿಲ್ಲ. ಮುಂದಿನ ಲ್ಯಾಬಿನಲ್ಲಿ ಒಂದು ರೀಡಿಂಗನ್ನಾದರೂ ಕಂಡಂತೆ ಬರೆಯಿರಿ. ಒಂದು ಅಂಕ ಹೋಗಬಹುದು. ಆದರೆ ಕೈಗೆ ಆ ಅಭ್ಯಾಸ ಈಗ ಬರದಿದ್ದರೆ ಸಂಬಳ, ಪ್ರಮೋಷನ್, ಮೇಲಧಿಕಾರಿಯ ಮುಖ ಎಲ್ಲ ಎದುರಿಗಿರುವ ದಿನ ಬರುತ್ತದೆಂದು ನಂಬಬೇಡಿ. ನನಗೆ ಬರಲಿಲ್ಲ.

ಅಜ್ಜ ಆ ಪುಟವನ್ನು ಹರಿಯಲು ಬಿಡಲಿಲ್ಲ. ಆ ಹತ್ತು ಸಾಲುಗಳ ಮೇಲೆ ಒಂದು ಗೆರೆ ಎಳೆಸಿ, ಪಕ್ಕದಲ್ಲಿ 'ತೂಗಿಲ್ಲ' ಎಂದು ಬರೆಸಿ ಸಹಿ ಹಾಕಿಸಿದರು. ಎರಡು ತಿಂಗಳು ನನಗೆ ಮದ್ದಿನ ಡಬ್ಬಿ ಮುಟ್ಟಲು ಬಿಡಲಿಲ್ಲ, ಖಾಲಿ ಕೊಳವೆ ತೊಳೆಸಿದರು. ಈಗ ಮತ್ತೆ ತುಂಬುತ್ತೇನೆ, ಅವರು ಪಕ್ಕದಲ್ಲಿದ್ದಾಗ ಮಾತ್ರ. ನನ್ನ ಪುಟಗಳಲ್ಲಿ ಅಂಕಿಗಳು ಮೇಲೆ ಕೆಳಗೆ ಆಡುತ್ತವೆ, ನೋಡಲು ಅಷ್ಟು ಚೆಂದವಿಲ್ಲ. ಕಳೆದ ವಾರ ಒಂದು ಹಲಗೆಯ ಮಧ್ಯೆ ಎಣಿಕೆ ತಪ್ಪಿತು. ಐವತ್ತನ್ನೂ ಬರಿದು ಮಾಡಿ ಮತ್ತೆ ಶುರು ಮಾಡಿದೆ. ಪುಸ್ತಕದಲ್ಲಿ ಹಾಗೆಯೇ ಬರೆದೆ: 'ಎಣಿಕೆ ತಪ್ಪಿದೆ, ಮೊದಲಿಂದ.' ಅಜ್ಜ ಅದನ್ನು ಓದಿ ಪುಟ ತಿರುಗಿಸಿದರು.